ತಂತ್ರಾಂಶಕ್ಕೂ ಆಯುಷ್ಯವುಂಟು

2020ರ ಜನವರಿ 1ರಂದು ಪೈಥಾನ್ ಎಂಬ ಗಣಕ ಭಾಷೆಯ ಎರಡನೆಯ ಪೀಳಿಗೆಗೆ ಅಧಿಕೃತವಾಗಿ ತೆರೆ ಬಿತ್ತು. ಅದರಲ್ಲಿ ಬರೆದ ಕಾರ್ಯಕ್ರಮಗಳು ಹಿಂದಿನ ದಿನ ಹೇಗೆ ನಡೆಯುತ್ತಿದ್ದವೋ ಅಂದೂ ಹಾಗೆಯೇ ನಡೆದವು. ಯಾವ ಯಂತ್ರವೂ ನಿಲ್ಲಲಿಲ್ಲ, ಯಾವ ಕಡತವೂ ಅಳಿಸಿಹೋಗಲಿಲ್ಲ. ಬದಲಾದ ಸಂಗತಿ ಒಂದೇ. ಇನ್ನು ಮುಂದೆ ಅದರಲ್ಲಿ ದೋಷ ಕಂಡುಬಂದರೆ ಸರಿಪಡಿಸಿಕೊಡುವ ಹೊಣೆ ಅದನ್ನು ಹೆತ್ತವರದಲ್ಲ.

ಮನುಷ್ಯನಿಗೆ ತನ್ನ ಸಾವಿನ ದಿನ ಗೊತ್ತಿರುವುದಿಲ್ಲ. ಇಂದಿನ ತಂತ್ರಾಂಶಗಳಲ್ಲಿ ಹಲವಕ್ಕೆ ಹುಟ್ಟುವಾಗಲೇ ಅದು ಗೊತ್ತಾಗಿರುತ್ತದೆ. ಇಂಥ ಆವೃತ್ತಿ ಇಂಥ ದಿನ ಬಿಡುಗಡೆ, ಇಂಥ ದಿನದವರೆಗೆ ತಿದ್ದುಪಡಿ, ಅಲ್ಲಿಂದಾಚೆಗೆ ಇಂಥ ದಿನದವರೆಗೆ ಭದ್ರತೆಯ ತೇಪೆ ಮಾತ್ರ, ಆಮೇಲೆ ನಿಮ್ಮ ದಾರಿ ನಿಮಗೆ ಎಂದು ಕೋಷ್ಟಕ ಹಾಕಿ ಪ್ರಕಟಿಸುವುದು ರೂಢಿಯಾಗಿದೆ. ಈ ಪದ್ಧತಿ ಎಲ್ಲಿಂದ ಬಂತು? ಯಾರಿಗೂ ದುಡ್ಡು ಕೊಡದೆ ಪಡೆದ ತಂತ್ರಾಂಶದ ವಿಷಯದಲ್ಲಿ ಇಂಥ ಮಾತನ್ನು ಕೊಡುವವರು ಯಾರು, ಉಳಿಸಿಕೊಳ್ಳುವವರು ಯಾರು? ಇದನ್ನು ತಿಳಿಯಲು ಒಂದು ವಿಶೇಷ ಜಾತಿಯ ತಂತ್ರಾಂಶಗಳ ಚರಿತ್ರೆಯನ್ನು ನೋಡುವುದು ಒಳ್ಳೆಯದು. ಕೆಲಸದ ಮೇಲ್ವಿಚಾರಣೆಗೆಂದೇ ಹುಟ್ಟಿದ, ಮುಕ್ತವಾಗಿ ಹಂಚಲಾಗುವ ತಂತ್ರಾಂಶಗಳು ಅವು.

ದೂರು ಪುಸ್ತಕದ ಹೊಸ ರೂಪ

ವಿದ್ಯುತ್ ಕಚೇರಿಯಲ್ಲೋ ನೀರು ಸರಬರಾಜು ಕಚೇರಿಯಲ್ಲೋ ದೂರು ಪುಸ್ತಕವೊಂದಿರುವುದನ್ನು ಓದುಗರು ನೋಡಿರಬಹುದು. ದೂರು ಕೊಟ್ಟವರ ಹೆಸರು, ದಿನಾಂಕ, ತೊಂದರೆ ಏನು, ಯಾವ ನೌಕರನಿಗೆ ಒಪ್ಪಿಸಲಾಯಿತು, ಯಾವಾಗ ಸರಿಯಾಯಿತು ಎಂಬ ಕಲಂಗಳು ಅದರಲ್ಲಿರುತ್ತವೆ. ತಂತ್ರಾಂಶ ಬರೆಯುವ ತಂಡಗಳಿಗೂ ಇಂಥದೇ ಪುಸ್ತಕ ಬೇಕು. ಯಾವ ದೋಷ ಬಾಕಿ ಇದೆ, ಯಾರು ನೋಡಿಕೊಳ್ಳುತ್ತಿದ್ದಾರೆ, ಮುಂದಿನ ಆವೃತ್ತಿಯೊಳಗೆ ಏನೇನು ಮುಗಿಯಬೇಕು ಎಂಬ ಲೆಕ್ಕವಿಲ್ಲದಿದ್ದರೆ ನೂರಾರು ಜನ ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಕೆಲಸ ಮಾಡುವುದು ಸಾಧ್ಯವಿಲ್ಲ. ಬಗ್‌ಜಿಲ್ಲಾ, ಟ್ರ್ಯಾಕ್, ರೆಡ್‌ಮೈನ್, ಓಪನ್‌ಪ್ರಾಜೆಕ್ಟ್, ಫ್ಯಾಬ್ರಿಕೇಟರ್ ಇವೆಲ್ಲ ಆ ಪುಸ್ತಕದ ಗಣಕರೂಪಗಳು.

ಇವುಗಳಲ್ಲಿ ಒಂದು ತಮಾಷೆಯಿದೆ. ಇತರ ತಂತ್ರಾಂಶಗಳ ಆವೃತ್ತಿ, ಗಡುವು, ಬಾಕಿ ಕೆಲಸಗಳ ಲೆಕ್ಕವಿಡುವುದೇ ಇವುಗಳ ಉದ್ಯೋಗ. ಆದರೆ ತಮ್ಮ ಸ್ವಂತ ಆವೃತ್ತಿ, ಗಡುವುಗಳ ವಿಷಯದಲ್ಲಿ ಇವು ಪಟ್ಟ ಪಾಡು ಸಾಮಾನ್ಯವಲ್ಲ. ಇನ್ನೊಂದು ಸಂಗತಿಯೂ ಉಂಟು. ಹತ್ತು ವರ್ಷ ಬಳಸಿದ ದೂರು ಪುಸ್ತಕದಲ್ಲಿ ಸಂಸ್ಥೆಯೊಂದರ ನೆನಪೆಲ್ಲ ಕೂಡಿರುತ್ತದೆ. ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಅಂಗಡಿ ಬದಲಿಸಿದಷ್ಟು ಸುಲಭವಲ್ಲ. ಆದ್ದರಿಂದಲೇ ಇಲ್ಲಿ ಬೆಂಬಲದ ಪ್ರಶ್ನೆ ತೀಕ್ಷ್ಣವಾಗುತ್ತದೆ.

ಯಂತ್ರದ ಜೊತೆಗೆ ಬಂದದ್ದು

ಮೊದಲ ದಿನಗಳಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆಯೇ ಇರಲಿಲ್ಲ. ಐಬಿಎಂ ಕಂಪನಿಯ ಯಂತ್ರವನ್ನು ಕೊಂಡವರಿಗೆ, ಬಾಡಿಗೆಗೆ ಪಡೆದವರಿಗೆ ಅದನ್ನು ನಡೆಸುವ ಕಾರ್ಯಕ್ರಮಗಳೂ ರಿಪೇರಿಯೂ ಅದರೊಡನೆಯೇ ಬರುತ್ತಿದ್ದವು. 1969ರ ಜೂನ್‌ನಲ್ಲಿ ಐಬಿಎಂ ಈ ಗಂಟನ್ನು ಬಿಚ್ಚುವುದಾಗಿ ಪ್ರಕಟಿಸಿತು. ಯಂತ್ರಕ್ಕೊಂದು ಬೆಲೆ, ತಂತ್ರಾಂಶಕ್ಕೊಂದು ಬೆಲೆ, ಸೇವೆಗೊಂದು ಬೆಲೆ ಎಂದಾಯಿತು. ತಂತ್ರಾಂಶವನ್ನೇ ಮಾರಿ ಬದುಕುವ ಉದ್ಯಮ ಬೆಳೆಯಲು ಇದು ಎಡೆಮಾಡಿತು. ಕೊಂಡ ಮೇಲೆ ಎಷ್ಟು ಕಾಲ ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೂ ಅದರ ಜೊತೆಗೇ ಹುಟ್ಟಿತು.

ತಂತ್ರಾಂಶ ಸವೆಯುವುದಿಲ್ಲ. ಗಾಲಿ ತೇಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಾರ್ಯಕ್ರಮದ ಅಕ್ಷರಗಳು ನೂರು ವರ್ಷ ಕಳೆದರೂ ಹಾಗೆಯೇ ಇರುತ್ತವೆ. ಹೀಗಿರುವಾಗ ಅದಕ್ಕೆ ರಿಪೇರಿ ಏಕೆ ಬೇಕು? ಈ ಪ್ರಶ್ನೆಗೆ ಮೊದಲು ವ್ಯವಸ್ಥಿತವಾಗಿ ಉತ್ತರ ಹುಡುಕಿದವರಲ್ಲಿ ಮೇರ್ ಲೇಮನ್ ಮುಖ್ಯರು. ಐಬಿಎಂನ ಓಎಸ್/360 ಎಂಬ ಬೃಹತ್ ಕಾರ್ಯಾಚರಣ ವ್ಯವಸ್ಥೆಯ ಒಂದೊಂದು ಆವೃತ್ತಿಯೂ ಹಿಂದಿನದಕ್ಕಿಂತ ಹೇಗೆ ಬೆಳೆಯಿತು ಎಂಬುದನ್ನು ಅವರೂ ಅವರ ಸಹೋದ್ಯೋಗಿ ಲಾಸ್ಲೋ ಬೆಲಾಡಿಯೂ ಅಭ್ಯಾಸ ಮಾಡಿದರು. 1974ರಿಂದ ಲೇಮನ್ ರೂಪಿಸುತ್ತ ಬಂದ ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ ಸರಳವಾಗಿದೆ. ಬಳಕೆಯಲ್ಲಿರುವ ಕಾರ್ಯಕ್ರಮ ಸುತ್ತಲಿನ ಲೋಕದೊಡನೆ ಬದಲಾಗುತ್ತ ಹೋಗಬೇಕು; ಇಲ್ಲವಾದರೆ ಅದರ ಉಪಯೋಗ ದಿನೇ ದಿನೇ ಕಡಿಮೆಯಾಗುತ್ತದೆ. ಅಂದರೆ ಹಳತಾಗುವುದು ಕಾರ್ಯಕ್ರಮವಲ್ಲ, ಅದರ ಸುತ್ತಲಿನ ನೆರೆಹೊರೆ. ಯಂತ್ರ ಬದಲಾಗುತ್ತದೆ, ಕಾನೂನು ಬದಲಾಗುತ್ತದೆ, ಕನ್ನ ಹಾಕುವವರ ಜಾಣತನವೂ ಬೆಳೆಯುತ್ತದೆ.

ಓಎಸ್/360ರ ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ ಇನ್ನೊಂದು ಕಟು ಸತ್ಯವನ್ನು ತಿಳಿಸಿದರು. ಒಂದು ದೋಷವನ್ನು ಸರಿಪಡಿಸುವಾಗ ಇನ್ನೊಂದು ಹೊಸ ದೋಷ ನುಸುಳುವ ಸಂಭವ ಶೇಕಡಾ 20ರಿಂದ 50ರಷ್ಟು ಎಂಬುದು ಅವರ ಲೆಕ್ಕಾಚಾರ. ಹೀಗಾಗಿ ಒಂದು ತೇಪೆಯೆಂದರೆ ಒಂದೇ ತೇಪೆಯಲ್ಲ. ಹಳೆಯ ಐದು ಆವೃತ್ತಿಗಳು ಬಳಕೆಯಲ್ಲಿದ್ದರೆ ಅದನ್ನು ಐದಕ್ಕೂ ಹೊಂದಿಸಬೇಕು, ಐದನ್ನೂ ಪರೀಕ್ಷಿಸಬೇಕು. ಆವೃತ್ತಿಗಳ ಸಂಖ್ಯೆಯನ್ನು ಎಲ್ಲೋ ಒಂದು ಕಡೆ ಕತ್ತರಿಸದೆ ವಿಧಿಯಿಲ್ಲ ಎಂಬುದಕ್ಕೆ ಕಾರಣ ಇದೇ.

ಮಾರುಕಟ್ಟೆಯ ದೊಡ್ಡ ಕಂಪನಿಗಳೂ ಈ ಕತ್ತರಿಯನ್ನು ಪಂಚಾಂಗದಂತೆ ಮೊದಲೇ ಪ್ರಕಟಿಸುವ ಪದ್ಧತಿಗೆ ನಿಧಾನವಾಗಿಯೇ ಬಂದವು. ಮೈಕ್ರೋಸಾಫ್ಟ್ ಕಂಪನಿ ತನ್ನ ಉತ್ಪನ್ನಗಳೆಲ್ಲಕ್ಕೂ ಅನ್ವಯಿಸುವ ಬೆಂಬಲ ನೀತಿಯನ್ನು ಜಾರಿಗೆ ತಂದದ್ದು 2002ರ ಅಕ್ಟೋಬರ್‌ನಲ್ಲಿ. ವ್ಯಾಪಾರೀ ಬಳಕೆಯ ತಂತ್ರಾಂಶಗಳಿಗೆ ಕನಿಷ್ಠ ಹತ್ತು ವರ್ಷ ಎಂದು ಅದನ್ನು ವಿಸ್ತರಿಸಿದ್ದು 2004ರಲ್ಲಿ.

ಹಕ್ಕು ಉಂಟು, ಭರವಸೆ ಇಲ್ಲ

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಹೊಳೆ ಹರಿಯುತ್ತಿತ್ತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಳಸುವ, ಅದರ ಒಳಗನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು ಎಲ್ಲರಿಗೂ ಇರಬೇಕೆಂಬುದು ಅದರ ತತ್ವ. ಈ ತತ್ವಕ್ಕೆ ಕಾನೂನಿನ ರೂಪ ಕೊಟ್ಟದ್ದು 1989ರಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿ ಪತ್ರ. ಅದರ ಎರಡನೆಯ ಆವೃತ್ತಿ 1991ರಲ್ಲಿ ಬಂತು.

ಆ ಪತ್ರದಲ್ಲಿ ಹಕ್ಕುಗಳ ದೊಡ್ಡ ಪಟ್ಟಿಯಿದೆ. ಆದರೆ ಕೊನೆಯ ಭಾಗದಲ್ಲಿ, ಈ ಕಾರ್ಯಕ್ರಮಕ್ಕೆ ಯಾವ ಖಾತರಿಯೂ ಇಲ್ಲ, ಕೆಟ್ಟರೆ ರಿಪೇರಿಯ ಖರ್ಚು ಬಳಸುವವರದೇ ಎಂಬ ಅರ್ಥದ ಷರತ್ತೂ ಇದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಬಿಡುವಿನ ವೇಳೆಯಲ್ಲಿ ಬರೆದು ಬಿಟ್ಟಿಯಾಗಿ ಕೊಟ್ಟವನನ್ನು ಕೋರ್ಟಿಗೆ ಎಳೆಯುವಂತಿದ್ದರೆ ಯಾರೂ ಏನನ್ನೂ ಕೊಡುತ್ತಿರಲಿಲ್ಲ. ಆದರೆ ಇದರ ಪರಿಣಾಮವನ್ನು ಗಮನಿಸಬೇಕು. ಮುಕ್ತ ತಂತ್ರಾಂಶದ ಯೋಜನೆಯೊಂದು ಇಂಥ ಆವೃತ್ತಿಗೆ ಐದು ವರ್ಷ ಬೆಂಬಲ ಕೊಡುತ್ತೇವೆ ಎಂದು ಪ್ರಕಟಿಸಿದಾಗ ಅದು ಬಾಯಿಮಾತಿನ ಒಪ್ಪಂದ. ಕಾಗದದ ಮೇಲೆ ಇಲ್ಲವೆಂದಿರುವ ಭರವಸೆಯನ್ನು ತಮ್ಮ ಮರ್ಯಾದೆಯ ಮೇಲೆ ಕೊಡುತ್ತಿದ್ದಾರೆ ಎಂದು ಅರ್ಥ.

ಅಂಥ ಮಾತು ಕೊಟ್ಟವರಲ್ಲಿ ಉಬುಂಟು ಪ್ರಸಿದ್ಧವಾಗಿದೆ. 2006ರ ಜೂನ್‌ನಲ್ಲಿ ಹೊರಬಂದ ಅದರ 6.06 ಆವೃತ್ತಿಗೆ 'ದೀರ್ಘಕಾಲದ ಬೆಂಬಲ' ಎಂಬ ಹಣೆಪಟ್ಟಿ ಅಂಟಿತು. ಮೇಜಿನ ಮೇಲಿನ ಗಣಕಕ್ಕೆ ಮೂರು ವರ್ಷ, ಸರ್ವರ್ ಯಂತ್ರಕ್ಕೆ ಐದು ವರ್ಷ. ಆವೃತ್ತಿಯ ಸಂಖ್ಯೆಯೇ ಬಿಡುಗಡೆಯ ವರ್ಷ ಮತ್ತು ತಿಂಗಳು. ಕಚೇರಿಗಳಿಗೆ ಇದು ಹಿಡಿಸಿತು. ಹೊಸತು ಬೇಡ, ಇದ್ದದ್ದು ಕೆಡದಿದ್ದರೆ ಸಾಕು ಎನ್ನುವವರ ಸಂಖ್ಯೆಯೇ ಲೋಕದಲ್ಲಿ ಹೆಚ್ಚು.

ಬಗ್‌ಜಿಲ್ಲಾ ಕಲಿಸಿದ ಪಾಠ

ಈಗ ದೂರು ಪುಸ್ತಕಗಳಿಗೆ ಬರೋಣ. 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಜಾಲ ವೀಕ್ಷಕ ತಂತ್ರಾಂಶದ ಮೂಲ ಬರಹವನ್ನು ಎಲ್ಲರಿಗೂ ತೆರೆದಿಡುವುದಾಗಿ ಸಾರಿತು. ಮಾರ್ಚ್ ಕೊನೆಯಲ್ಲಿ ಮಾತು ನಡೆಸಿಕೊಟ್ಟಿತು. ಮೊಜಿಲ್ಲಾ ಯೋಜನೆ ಹುಟ್ಟಿದ್ದು ಹೀಗೆ. ಹೊರಗಿನ ಸಾವಿರಾರು ಜನರಿಂದ ದೂರು ಬರಲಿದ್ದುದರಿಂದ ಟೆರಿ ವೈಸ್‌ಮನ್ ಅವರು ಅದಕ್ಕೆಂದು ಬಗ್‌ಜಿಲ್ಲಾವನ್ನು ಬರೆದರು. ಮೊದಲು ಟಿಸಿಎಲ್ ಎಂಬ ಭಾಷೆಯಲ್ಲಿದ್ದ ಅದನ್ನು, ಹೆಚ್ಚು ಜನ ಬಲ್ಲವರಾಗಿದ್ದರೆಂದು ಪರ್ಲ್ ಭಾಷೆಗೆ ತಿರುಗಿಸಿ ಬಿಡುಗಡೆ ಮಾಡಲಾಯಿತು. ಹುಡುಕಿದಾಗ ಒಂದೂ ದೋಷ ಸಿಗದಿದ್ದರೆ 'ಜಾರೋ ಬೂಗ್ಸ್' ಎಂಬ ಉತ್ತರ ಅದರಿಂದ ಬರುತ್ತದೆ. 'ಜೀರೋ ಬಗ್ಸ್' ಎಂಬುದರ ಬೇಕೆಂದೇ ಮಾಡಿದ ಅಪಭ್ರಂಶ ಅದು. ದೋಷವೇ ಇಲ್ಲದ ತಂತ್ರಾಂಶ ಉಂಟೆಂದು ಯಾರು ತಾನೇ ನೆಟ್ಟಗೆ ಹೇಳಿಯಾರು ಎಂಬ ಹಾಸ್ಯ.

ಬಗ್‌ಜಿಲ್ಲಾದ ಬೆಂಬಲ ನೀತಿ ತಾರೀಖಿಗೆ ಕಟ್ಟಿದ್ದಲ್ಲ, ಪೀಳಿಗೆಗೆ ಕಟ್ಟಿದ್ದು. ಹೊಸ ಮುಖ್ಯ ಆವೃತ್ತಿ ಬಂದಾಗ ತೀರ ಹಳೆಯದಕ್ಕೆ ವಿದಾಯ. ಮೊಮ್ಮಗ ಹುಟ್ಟಿದಾಗ ಅಜ್ಜ ಯಜಮಾನಿಕೆ ಬಿಡುವ ಪದ್ಧತಿ ಇದು. ಮಕ್ಕಳು ಮೊಮ್ಮಕ್ಕಳು ಸಕಾಲಕ್ಕೆ ಹುಟ್ಟುತ್ತಿದ್ದರೆ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಹುಟ್ಟದಿದ್ದರೆ?

2015ರ ಜುಲೈನಲ್ಲಿ ಬಗ್‌ಜಿಲ್ಲಾ 5.0 ಬಂತು. ಅದರ ನಂತರದ ಸ್ಥಿರ ಆವೃತ್ತಿಯಾದ 5.2 ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ನಡುವೆ ಒಂಬತ್ತು ವರ್ಷ. 2013ರಲ್ಲಿ ಬಂದಿದ್ದ 4.4 ಎಂಬ ಮುದುಕನೂ ಅಷ್ಟು ಕಾಲ ಸೇವೆಯಲ್ಲೇ ಇರಬೇಕಾಯಿತು. 2024ರಲ್ಲಿ ಅದಕ್ಕೂ ಒಂದು ತೇಪೆಯ ಆವೃತ್ತಿ ಬಂತು. ಅದೇ ದಿನ 5.0.4.1 ಎಂಬ ವಿಚಿತ್ರ ಸಂಖ್ಯೆಯ ಇನ್ನೊಂದು ಆವೃತ್ತಿಯೂ ಬಂದದ್ದು ನೋಡಿದವರಿಗೆ ಅಚ್ಚರಿ. 5.0.5 ಮತ್ತು 5.0.6 ಎಂಬವು ಆಗಲೇ ಬಂದುಹೋಗಿದ್ದವಲ್ಲ!

ಇದರ ಹಿಂದೆ ಒಂದು ಕಥೆಯಿದೆ. ಆವೃತ್ತಿ ಸಂಖ್ಯೆಯ ಮೊದಲ ಅಂಕೆಗಳು ಬದಲಾದರೆ ದೊಡ್ಡ ಮಾರ್ಪಾಡು, ಕೊನೆಯ ಅಂಕೆ ಬದಲಾದರೆ ಸಣ್ಣ ತಿದ್ದುಪಡಿ ಎಂಬುದು ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಸಂಕೇತ. ಕೊನೆಯ ಅಂಕೆ ಮಾತ್ರ ಬದಲಾದ ಆವೃತ್ತಿಯನ್ನು ಕಚೇರಿಯ ಗಣಕಪಾಲಕ ಕಣ್ಣುಮುಚ್ಚಿ ಹಾಕಿಕೊಳ್ಳಬಹುದು. ಆದರೆ 5.0.5 ಮತ್ತು 5.0.6ರಲ್ಲಿ, ಸ್ಥಿರ ಶಾಖೆಯಲ್ಲಿ ಮಾಡಬಾರದಂಥ ದೊಡ್ಡ ಬದಲಾವಣೆಗಳು ಸೇರಿಹೋಗಿದ್ದವು. ಆದ್ದರಿಂದ ಬಗ್‌ಜಿಲ್ಲಾ ತಂಡ 5.0.6ರ ದಾರಿಯನ್ನು 5.2 ಎಂದು ಕರೆದು ಮುಂದುವರಿಸಿತು. ಮಾತಿಗೆ ತಪ್ಪದ 5.0.4ರಿಂದ ಇನ್ನೊಂದು ಕವಲು ತೆಗೆದು 5.0.4.1 ಎಂದಿತು. ವರ್ಷಗಳ ಹಿಂದೆ ಆಗಿಹೋದ ಅಂಕೆಯ ತಪ್ಪನ್ನು ಹೀಗೆ ಸರಿಪಡಿಸಿದ್ದು ಕೆಲವರಿಗೆ ಅತಿಯೆನಿಸಬಹುದು. ಆದರೆ ಖಾತರಿಯಿಲ್ಲದ ಪರವಾನಗಿಯ ಲೋಕದಲ್ಲಿ ಅಂಕೆಯೇ ವಾಗ್ದಾನ. ಈಗ ಬಗ್‌ಜಿಲ್ಲಾದ ಹೊಣೆ ಹೊತ್ತಿರುವ ಸಂಸ್ಥೆಯ ಹೆಸರು ಜಾರೋ ಬೂಗ್ಸ್ ಕಾರ್ಪೊರೇಷನ್ ಎಂಬುದನ್ನು ಕೇಳಿ ಹಳಬರು ನಕ್ಕಿರಬೇಕು.

ಅಡಿಪಾಯವೇ ಹಳತಾದಾಗ

ಟ್ರ್ಯಾಕ್ ಎಂಬುದು ಸ್ವೀಡನ್ನಿನ ಎಡ್ಜ್‌ವಾಲ್ ಎಂಬ ಸಂಸ್ಥೆಯಿಂದ ಬಂದ ತಂತ್ರಾಂಶ. 2004ರ ಸುಮಾರಿಗೆ ಬಳಕೆಗೆ ಬಂದ ಇದು ದೂರು ಪುಸ್ತಕ, ಟಿಪ್ಪಣಿ ಪುಟಗಳು, ಮೂಲ ಬರಹದ ದಾಖಲೆ ಮೂರನ್ನೂ ಒಂದೇ ಕಡೆ ಜೋಡಿಸಿಕೊಟ್ಟು ಜನಪ್ರಿಯವಾಯಿತು. ಟ್ರ್ಯಾಕ್ ನಿಂತಿದ್ದುದು ಪೈಥಾನ್ ಭಾಷೆಯ ಮೇಲೆ.

ಆ ಭಾಷೆಯ ಕರ್ತೃ ಗೈಡೋ ವಾನ್ ರಾಸಮ್ ಮತ್ತು ಅವರ ಸಂಗಡಿಗರು ಹಿಂದಿನ ಕೆಲವು ತಪ್ಪುಗಳನ್ನು ತೊಡೆಯಲೆಂದು 2008ರ ಡಿಸೆಂಬರ್‌ನಲ್ಲಿ ಮೂರನೆಯ ಪೀಳಿಗೆಯನ್ನು ತಂದರು. ಹಳೆಯದರಲ್ಲಿ ಬರೆದ ಕಾರ್ಯಕ್ರಮಗಳು ಹೊಸದರಲ್ಲಿ ಹಾಗೇ ನಡೆಯುತ್ತಿರಲಿಲ್ಲ. ಅಕ್ಷರಗಳನ್ನು ನಿರ್ವಹಿಸುವ ಕ್ರಮವೇ ಬೇರೆಯಾಗಿತ್ತು. ಇಂಗ್ಲಿಷ್ ಬಿಟ್ಟು ಇತರ ಭಾಷೆಗಳನ್ನು, ಕನ್ನಡವನ್ನೂ ಸೇರಿಸಿ, ಸರಿಯಾಗಿ ಹಿಡಿದಿಡುವ ಯೂನಿಕೋಡ್ ಪದ್ಧತಿ ಅಲ್ಲಿ ಅಕ್ಷರಗಳ ಸಹಜ ರೂಪವಾಯಿತು. ನಮ್ಮಂಥವರಿಗೆ ಅದು ಒಳ್ಳೆಯದೇ. ಆದರೆ ಹಳೆಯ ಕಾರ್ಯಕ್ರಮಗಳ ಪುಟಪುಟವನ್ನೂ ತಿದ್ದಬೇಕಾಗಿ ಬಂತು. ಎರಡನೆಯ ಪೀಳಿಗೆಯ ಕೊನೆಯದಾದ 2.7ಕ್ಕೆ 2015ರಲ್ಲಿ ಬೆಂಬಲ ಮುಗಿಯಬೇಕಿತ್ತು. ಜನ ಕದಲಲಿಲ್ಲ. 2014ರಲ್ಲಿ ಗಡುವನ್ನು 2020ಕ್ಕೆ ಮುಂದೂಡಲಾಯಿತು.

ಟ್ರ್ಯಾಕ್‌ಗೆ ಅಷ್ಟು ಕಾಲವೂ ಸಾಲಲಿಲ್ಲ. 2019ರಲ್ಲಿ ಬಂದ ಅದರ 1.4 ಆವೃತ್ತಿ ಹಳೆಯ ಪೈಥಾನ್ ಮೇಲೆಯೇ ನಿಂತಿತ್ತು. ಪೈಥಾನ್ 3ರ ಮೇಲೆ ನಡೆಯುವ ಸ್ಥಿರ ಆವೃತ್ತಿಯಾದ 1.6 ಹೊರಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ನಡುವಣ ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಟ್ರ್ಯಾಕ್ ಬೆಂಬಲದಲ್ಲಿತ್ತು, ಅದರ ಅಡಿಪಾಯ ಬೆಂಬಲದಲ್ಲಿರಲಿಲ್ಲ. ಮನೆಗೆ ಸುಣ್ಣ ಬಳಿಯುವವರಿದ್ದಾರೆ, ತಳಪಾಯ ನೋಡುವವರಿಲ್ಲ ಎಂಬ ಸ್ಥಿತಿ. ಒಂದು ತಂತ್ರಾಂಶದ ಆಯುಷ್ಯವೆಂದರೆ ಅದು ಅವಲಂಬಿಸಿರುವ ಎಲ್ಲದರ ಪೈಕಿ ಅತಿ ಅಲ್ಪಾಯುವಿನ ಆಯುಷ್ಯವೆಂದು ಲೆಕ್ಕ ಹಾಕುವುದು ಜಾಣತನ.

ತಾಯಿ, ಮಗಳು, ಮೊಮ್ಮಗಳು

ಇವೆಲ್ಲದರಲ್ಲಿ ಹೆಚ್ಚು ಸ್ವಾರಸ್ಯಕರವಾದದ್ದು ರೆಡ್‌ಮೈನ್ ವಂಶದ ಕಥೆ. ಫ್ರಾನ್ಸಿನ ಜಾನ್-ಫಿಲಿಪ್ ಲಾಂಗ್ ಎಂಬವರು 2006ರಲ್ಲಿ ಇದನ್ನು ಮೊದಲು ಬಿಡುಗಡೆ ಮಾಡಿದರು. ಇದು ನಿಂತಿರುವುದು ರೂಬಿ ಭಾಷೆ ಮತ್ತು ಅದರ ಮೇಲೆ ಕಟ್ಟಿದ ರೈಲ್ಸ್ ಎಂಬ ಚೌಕಟ್ಟಿನ ಮೇಲೆ. ಟ್ರ್ಯಾಕ್‌ನಲ್ಲಿ ಒಂದು ಯೋಜನೆಗೆ ಒಂದು ಪುಸ್ತಕ; ರೆಡ್‌ಮೈನ್‌ನಲ್ಲಿ ಒಂದೇ ಕಡೆ ಎಷ್ಟು ಯೋಜನೆಗಳನ್ನಾದರೂ ನಡೆಸಬಹುದಿತ್ತು. ಹೀಗಾಗಿ ಕಂಪನಿಗಳು, ವಿಶ್ವವಿದ್ಯಾಲಯಗಳು ಇದನ್ನು ಬರಮಾಡಿಕೊಂಡವು.

ಬಳಸುವವರು ಹೆಚ್ಚಿದಂತೆ ಅಸಮಾಧಾನವೂ ಹೆಚ್ಚಿತು. ಹೊರಗಿನವರು ಕಳಿಸಿದ ತಿದ್ದುಪಡಿಗಳು ಬಹುಕಾಲ ಕಾಯುತ್ತಿದ್ದವು. ತೀರ್ಮಾನದ ಅಧಿಕಾರ ಒಬ್ಬಿಬ್ಬರ ಕೈಯಲ್ಲಿತ್ತು. ಮುಂದಿನ ಆವೃತ್ತಿ ಯಾವಾಗ ಎಂದು ಖಚಿತವಾಗಿ ಹೇಳುವವರಿರಲಿಲ್ಲ. 2011ರ ಫೆಬ್ರುವರಿಯಲ್ಲಿ ಎರಿಕ್ ಡೇವಿಸ್ ಮೊದಲಾದ ಕೆಲವು ಸಹಯೋಗಿಗಳು ಬೇರೆ ಒಲೆ ಹೂಡಿದರು. ಹೊಸ ಮನೆಯ ಹೆಸರು ಚಿಲಿಪ್ರಾಜೆಕ್ಟ್. ನಿಶ್ಚಿತ ಕಾಲಕ್ಕೆ ಬಿಡುಗಡೆ, ಎಲ್ಲರಿಗೂ ತೆರೆದ ಆಡಳಿತ ಎಂಬುದು ಅವರ ಘೋಷಣೆ. ಮುಕ್ತ ತಂತ್ರಾಂಶದಲ್ಲಿ ಹೀಗೆ ಕವಲೊಡೆಯುವುದು ಕಾನೂನುಬದ್ಧ. ಮೂಲ ಬರಹ ಎಲ್ಲರದೂ ಆದ್ದರಿಂದ ಪಾಲಿಗೆ ವ್ಯಾಜ್ಯ ಹೂಡಬೇಕಾಗಿಲ್ಲ.

ಆದರೆ ಬೇರೆ ಮನೆ ಮಾಡಿದವರಿಗೆ ಸಂಸಾರದ ಭಾರ ಆಮೇಲೆ ತಿಳಿಯುತ್ತದೆ. ಅಡಿಯಲ್ಲಿದ್ದ ರೈಲ್ಸ್ ವೇಗವಾಗಿ ಬದಲಾಗುತ್ತಿತ್ತು. ರೆಡ್‌ಮೈನ್ 2012ರ ಮೇ ತಿಂಗಳಲ್ಲಿ ತನ್ನ 2.0 ಆವೃತ್ತಿಯೊಡನೆ ರೈಲ್ಸ್ 3ಕ್ಕೆ ದಾಟಿತು. ಚಿಲಿಪ್ರಾಜೆಕ್ಟ್ ಹಳೆಯ ರೈಲ್ಸ್ 2.3ರ ಮೇಲೆಯೇ ಉಳಿಯಿತು. 2013ರ ಜನವರಿಯಲ್ಲಿ ರೈಲ್ಸ್‌ನಲ್ಲಿಯೇ ಬಹು ಗಂಭೀರವಾದ ರಂಧ್ರವೊಂದು ಪತ್ತೆಯಾಯಿತು. ಹೊರಗಿನವರು ಜಾಲದ ಮೂಲಕವೇ ಸರ್ವರ್ ಯಂತ್ರವನ್ನು ವಶಪಡಿಸಿಕೊಳ್ಳಬಹುದಾದಂಥ ರಂಧ್ರ ಅದು. ರೆಡ್‌ಮೈನ್ ತಂಡ 2.2.1, 2.1.6 ಮತ್ತು 1.4.6 ಎಂದು ಮೂರು ಶಾಖೆಗಳಿಗೂ ಕೂಡಲೇ ತೇಪೆ ಹಾಕಿತು. ಬೆಂಬಲವೆಂದರೆ ಏನು ಎಂಬುದಕ್ಕೆ ಆ ವಾರ ಒಳ್ಳೆಯ ಉದಾಹರಣೆ. ಹೊಸ ಸೌಲಭ್ಯ ಬೇಡವೆಂದು 1.4ರಲ್ಲಿಯೇ ಉಳಿದಿದ್ದವರು ಬೀದಿಗೆ ಬೀಳಲಿಲ್ಲ.

ಚಿಲಿಪ್ರಾಜೆಕ್ಟ್‌ನ ಕೈಗಳು ಕ್ರಮೇಣ ಕಡಿಮೆಯಾದವು. 2015ರಲ್ಲಿ ಯೋಜನೆ ಮುಚ್ಚಿತು. ನಿಶ್ಚಿತ ಕಾಲದ ಭರವಸೆ ಕೊಡಲೆಂದೇ ಹುಟ್ಟಿದ ಮಗಳು ತಾಯಿಗಿಂತ ಮೊದಲೇ ತೀರಿಕೊಂಡಳು. ಆದರೆ ಅಷ್ಟರಲ್ಲಿ ಮೊಮ್ಮಗಳು ಹುಟ್ಟಿದ್ದಳು. ಚಿಲಿಪ್ರಾಜೆಕ್ಟ್‌ನಿಂದ ಕವಲೊಡೆದ ಓಪನ್‌ಪ್ರಾಜೆಕ್ಟ್‌ನ ಬೆನ್ನಿಗೆ 2012ರಲ್ಲಿ ಬರ್ಲಿನ್ನಿನಲ್ಲಿ ಒಂದು ಪ್ರತಿಷ್ಠಾನ ನಿಂತಿತು. ಸಾಮಾನ್ಯರಿಗೆ ಉಚಿತ ರೂಪ, ಹೆಚ್ಚಿನ ಸೌಲಭ್ಯ ಮತ್ತು ನೆರವು ಬೇಕೆನ್ನುವ ಸಂಸ್ಥೆಗಳಿಗೆ ಹಣ ಕೊಟ್ಟು ಪಡೆಯುವ ರೂಪ ಎಂಬ ಏರ್ಪಾಡಿನಿಂದ ಅದು ಇಂದಿಗೂ ನಡೆಯುತ್ತಿದೆ. ತಾಯಿಯೂ ಗಟ್ಟಿಯಾಗಿದ್ದಾಳೆ. ರೆಡ್‌ಮೈನ್‌ನ 6.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು.

ನಿಧಾನವೆಂದು ದೂರಿಸಿಕೊಂಡ ತಾಯಿ ಉಳಿದದ್ದು, ಉತ್ಸಾಹದ ಮಗಳು ಅಳಿದದ್ದು, ದುಡ್ಡಿನ ದಾರಿ ಕಂಡುಕೊಂಡ ಮೊಮ್ಮಗಳು ಬೆಳೆದದ್ದು ಇವು ಮೂರನ್ನೂ ಒಟ್ಟಿಗೆ ನೋಡಬೇಕು. ವೇಳಾಪಟ್ಟಿಯನ್ನು ಪ್ರಕಟಿಸುವುದು ಸುಲಭ. ಅದನ್ನು ಪಾಲಿಸಲು ವರ್ಷಗಟ್ಟಲೆ ದುಡಿಯುವ ಕೈಗಳು ಬೇಕು, ಆ ಕೈಗಳಿಗೆ ಅನ್ನ ಬೇಕು.

ಅಂಗಡಿ ಮುಚ್ಚಿದಾಗ

ಫ್ಯಾಬ್ರಿಕೇಟರ್ ಹುಟ್ಟಿದ್ದು ಫೇಸ್‌ಬುಕ್ ಕಂಪನಿಯ ಒಳಗೆ. ಅದನ್ನು ಬರೆದ ಇವಾನ್ ಪ್ರೀಸ್ಟ್ಲಿ ಆಮೇಲೆ ಫೇಸಿಲಿಟಿ ಎಂಬ ಪುಟ್ಟ ಕಂಪನಿ ಕಟ್ಟಿ ಅದನ್ನು ಪೋಷಿಸಿದರು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ ಪ್ರತಿಷ್ಠಾನ 2014ರ ನವೆಂಬರ್‌ನಲ್ಲಿ ಬಗ್‌ಜಿಲ್ಲಾವನ್ನು ಬಿಟ್ಟು ಇದಕ್ಕೆ ಬಂತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ತಾಂತ್ರಿಕ ತೊಂದರೆ ಕಂಡುಬಂದರೂ ಸಂಪಾದಕರು ದೂರು ದಾಖಲಿಸಬೇಕಾದದ್ದು ಅಲ್ಲಿಯೇ. ಹೀಗೆ ದೂರದ ಆ ಪುಸ್ತಕಕ್ಕೂ ನಮಗೂ ನಂಟಿದೆ.

2021ರ ಮೇ ಕೊನೆಯಲ್ಲಿ ಪ್ರೀಸ್ಟ್ಲಿ ಒಂದು ಪ್ರಕಟಣೆ ಹೊರಡಿಸಿದರು. ಜೂನ್ 1ರಿಂದ ಫ್ಯಾಬ್ರಿಕೇಟರ್‌ನ ನಿರ್ವಹಣೆ ನಿಲ್ಲುತ್ತದೆ ಎಂಬುದು ಅದರ ಸಾರ. ವರ್ಷಗಳ ಮುನ್ಸೂಚನೆಯಿಲ್ಲ, ಕೆಲವೇ ದಿನಗಳ ಅವಧಿ. ಬ್ಲೆಂಡರ್, ಎಲ್‌ಎಲ್‌ವಿಎಂ ಮುಂತಾದ ದೊಡ್ಡ ಯೋಜನೆಗಳು 2023ರಲ್ಲಿ ತಮ್ಮ ಕೆಲಸವನ್ನು ಬೇರೆ ಕಡೆಗೆ ಒಯ್ದವು. ಉಳಿದ ಬಳಕೆದಾರರು ಸೇರಿ ಮೂಲ ಬರಹವನ್ನೆತ್ತಿಕೊಂಡು ಫೋರ್ಜ್ ಎಂಬ ಕವಲನ್ನು ಆರಂಭಿಸಿದರು. ವಿಕಿಮೀಡಿಯಾದ ದೂರು ಪುಸ್ತಕವೂ ಈಗ ಆ ಕವಲಿನ ಆಸರೆಯಲ್ಲಿದೆ.

ಇದನ್ನು ಜೀರಾ ಎಂಬ ಖಾಸಗಿ ತಂತ್ರಾಂಶದೊಡನೆ ಹೋಲಿಸಿ ನೋಡಬಹುದು. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಇದನ್ನು 2002ರಲ್ಲಿ ತಂದಿತು. ಜಪಾನೀ ರಕ್ಕಸ ಪ್ರಾಣಿ ಗಾಡ್ಜಿಲ್ಲಾದ ಮೂಲ ಹೆಸರಾದ ಗೊಜಿರಾದಿಂದ ಈ ಹೆಸರು ಬಂದದ್ದು. ಆ ಕಂಪನಿಯವರು ಮೊದಲು ಬಳಸುತ್ತಿದ್ದ ಬಗ್‌ಜಿಲ್ಲಾಕ್ಕೆ ತಮಾಷೆಗೆ ಇಟ್ಟ ಅಡ್ಡಹೆಸರು ಅದು. ಗ್ರಾಹಕರು ತಮ್ಮದೇ ಯಂತ್ರದಲ್ಲಿಟ್ಟುಕೊಳ್ಳುವ ಜೀರಾ ಸರ್ವರ್ ರೂಪಕ್ಕೆ 2024ರ ಫೆಬ್ರುವರಿಯಲ್ಲಿ ಬೆಂಬಲ ನಿಲ್ಲುತ್ತದೆ ಎಂದು ಕಂಪನಿ 2020ರ ಅಕ್ಟೋಬರ್‌ನಲ್ಲಿಯೇ ತಿಳಿಸಿತ್ತು. ಮೂರು ವರ್ಷಕ್ಕೂ ಮಿಕ್ಕ ಮುನ್ಸೂಚನೆ. ಆ ತಿಂಗಳು ಬಂದಾಗ ಮಾತಿನಂತೆ ಬಾಗಿಲು ಹಾಕಿತು.

ಶಿಸ್ತಿನಲ್ಲಿ ನೋಡಿದರೆ ಖಾಸಗಿ ಕಂಪನಿಯದೇ ಮೇಲು. ಆದರೆ ಬಾಗಿಲು ಹಾಕಿದ ಮೇಲೆ ಜೀರಾ ಸರ್ವರ್ ಬಳಸುತ್ತಿದ್ದವರಿಗೆ ಕಂಪನಿ ತೋರಿಸಿದ ದಾರಿಯಲ್ಲಿ ನಡೆಯುವುದು ಅಥವಾ ಬೇರೆ ತಂತ್ರಾಂಶಕ್ಕೆ ವಲಸೆ ಹೋಗುವುದು, ಇವೆರಡೇ ಉಳಿದವು. ಫ್ಯಾಬ್ರಿಕೇಟರ್ ಬಳಕೆದಾರರಿಗೆ ಮುನ್ಸೂಚನೆ ಇರಲಿಲ್ಲ, ಬೀಗದ ಕೈ ಮಾತ್ರ ಕೈಯಲ್ಲಿತ್ತು. ಒಂದು ಕಡೆ ವಾಯಿದೆ, ಇನ್ನೊಂದು ಕಡೆ ಹಕ್ಕು. ಎರಡೂ ಒಟ್ಟಿಗೆ ದೊರೆಯುವುದು ಅಪರೂಪ.

ಮರೆವಿನ ಬೆಲೆ

ಬೆಂಬಲ ತಪ್ಪಿದ ಆವೃತ್ತಿಯನ್ನು ಬಳಸಿದರೆ ಆಗುವುದೇನು? ಬಹಳ ದಿನ ಏನೂ ಆಗುವುದಿಲ್ಲ, ಅಪಾಯವಿರುವುದೇ ಅಲ್ಲಿ. ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲ ಮಾಹಿತಿ ಸಂಸ್ಥೆ ಬಳಸುತ್ತಿದ್ದ ಸ್ಟ್ರಟ್ಸ್ ಎಂಬ ಮುಕ್ತ ತಂತ್ರಾಂಶದ ರಂಧ್ರಕ್ಕೆ 2017ರ ಮಾರ್ಚ್‌ನಲ್ಲಿಯೇ ತೇಪೆ ಸಿದ್ಧವಾಗಿತ್ತು. ಸಂಸ್ಥೆ ಹಾಕಿಕೊಳ್ಳಲಿಲ್ಲ. ಮೇ ತಿಂಗಳಲ್ಲಿ ಕನ್ನ ಬಿತ್ತು. ಸುಮಾರು 14 ಕೋಟಿ 70 ಲಕ್ಷ ಜನರ ಖಾಸಗಿ ವಿವರಗಳು ಪರರ ಪಾಲಾದವು. ತೇಪೆ ಇದ್ದೂ ಹೀಗಾಯಿತು. ತೇಪೆಯೇ ಬರುವುದಿಲ್ಲವೆಂದಾದ ಆವೃತ್ತಿಯ ಪಾಡನ್ನು ಊಹಿಸಬಹುದು.

ಮಾತು ಕೊಟ್ಟವರೇ ತಪ್ಪಿದ ಪ್ರಸಂಗವೂ ಉಂಟು. ಸೆಂಟ್‌ಓಎಸ್ 8 ಎಂಬ ಕಾರ್ಯಾಚರಣ ವ್ಯವಸ್ಥೆಗೆ 2029ರವರೆಗೆ ಬೆಂಬಲವೆಂದು ಜನ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ, ಮುಂದಿನ ವರ್ಷಾಂತ್ಯಕ್ಕೇ ಅದು ಮುಗಿಯುತ್ತದೆಂದು ಪ್ರಕಟವಾಯಿತು. ನಂಬಿ ಯಂತ್ರ ಜೋಡಿಸಿದ್ದವರು ಕೈ ಕೈ ಹಿಸುಕಿಕೊಂಡರು. ಅಲ್ಮಾಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡು ಬದಲಿ ವ್ಯವಸ್ಥೆಗಳು 2021ರಲ್ಲಿಯೇ ತಲೆಯೆತ್ತಿದವು.

ಇನ್ನೊಂದು ಪ್ರಸಂಗ ಕಣ್ಣು ತೆರೆಸಿದ್ದು 2014ರ ಏಪ್ರಿಲ್‌ನಲ್ಲಿ. ಅಂತರಜಾಲದ ಗುಪ್ತ ವ್ಯವಹಾರಗಳನ್ನು ಕಾಯುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೊಡ್ಡ ದೋಷ ಸಿಕ್ಕಿತು. ಆಗ ಬಯಲಾದ ಸಂಗತಿಯೆಂದರೆ, ಲೋಕದ ಬ್ಯಾಂಕುಗಳೂ ಸರಕಾರಗಳೂ ಆತುಕೊಂಡಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರು. ಆ ಪೆಟ್ಟಿನ ನಂತರ ಹಣ ಬಂತು, ಜನ ಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತನ್ನ ಆವೃತ್ತಿಗಳ ಬೆಂಬಲ ನೀತಿಯನ್ನು ಪ್ರಕಟಿಸಿತು. ದುಡ್ಡು ಮತ್ತು ವಾಯಿದೆ ಜೊತೆಜೊತೆಗೇ ಬಂದದ್ದು ಕಾಕತಾಳೀಯವೇನಲ್ಲ.

ಮಾತಿನಿಂದ ಕಾನೂನಿಗೆ

ಬಾಯಿಮಾತಿನ ಈ ಲೋಕಕ್ಕೆ ಈಗ ಕಾನೂನು ಕಾಲಿಟ್ಟಿದೆ. ಐರೋಪ್ಯ ಒಕ್ಕೂಟದ ಸೈಬರ್ ಭದ್ರತೆಯ ಹೊಸ ಕಾಯಿದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಅದರ ಮುಖ್ಯ ವಿಧಿಗಳು 2027ರ ಡಿಸೆಂಬರ್‌ನಿಂದ ಅನ್ವಯಿಸುತ್ತವೆ. ಅದರಂತೆ, ಬಳಕೆಯ ಅವಧಿಯೇ ಕಡಿಮೆಯಿರುವ ವಸ್ತುಗಳನ್ನು ಬಿಟ್ಟರೆ, ಅಲ್ಲಿ ಮಾರಾಟವಾಗುವ ಗಣಕ ಉತ್ಪನ್ನಗಳಿಗೆ ಕನಿಷ್ಠ ಐದು ವರ್ಷ ಭದ್ರತಾ ಬೆಂಬಲ ಕೊಡಬೇಕು, ಅದು ಮುಗಿಯುವ ದಿನವನ್ನು ಕೊಳ್ಳುವವರಿಗೆ ತಿಳಿಸಬೇಕು. ವ್ಯಾಪಾರದ ಉದ್ದೇಶವಿಲ್ಲದೆ ಮುಕ್ತ ತಂತ್ರಾಂಶ ಬರೆಯುವವರ ಮೇಲೆ ಈ ಹೊರೆ ಬೀಳದಂತೆಯೂ, ಅದನ್ನು ಪೋಷಿಸುವ ಪ್ರತಿಷ್ಠಾನಗಳಿಗೆ ಹಗುರವಾದ ಹೊಣೆಯಿರುವಂತೆಯೂ ವ್ಯವಸ್ಥೆ ಮಾಡಲಾಗಿದೆ.

ಕಾನೂನು ಹೊಣೆ ಹೊರಿಸಬಲ್ಲದು, ಕೂಲಿ ಕೊಡಲಾರದು. ಅದಕ್ಕೆ ಬಳಸುವವರೇ ಮುಂದೆ ಬರಬೇಕು. ಬೆಂಗಳೂರಿನ ಷೇರು ವ್ಯವಹಾರ ಸಂಸ್ಥೆ ಜೆರೋಧಾ 2024ರ ಅಕ್ಟೋಬರ್‌ನಲ್ಲಿ, ಮುಕ್ತ ತಂತ್ರಾಂಶ ಯೋಜನೆಗಳ ನೆರವಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗಿನ ನಿಧಿಯೊಂದನ್ನು ಘೋಷಿಸಿದ್ದು ಈ ದಿಕ್ಕಿನ ಹೆಜ್ಜೆ. ಲೋಕಕ್ಕೆಲ್ಲ ತಂತ್ರಾಂಶ ಬರೆದುಕೊಡುವ ಊರಿನಿಂದ ಇಂಥ ಹೆಜ್ಜೆಗಳು ಇನ್ನಷ್ಟು ಬಂದರೆ ಒಳ್ಳೆಯದು. ಕೆರೆ ಕಟ್ಟಿಸಿದವರ ಹೆಸರು ಊರಿನ ಬಾಯಲ್ಲಿರುತ್ತದೆ. ವರ್ಷ ವರ್ಷವೂ ಹೂಳೆತ್ತಿದವರನ್ನು ನೆನೆಯುವವರು ಕಡಿಮೆ. ಹೂಳೆತ್ತದಿದ್ದ ವರ್ಷ ಮಾತ್ರ ಎಲ್ಲರಿಗೂ ನೀರಿನ ನೆನಪಾಗುತ್ತದೆ.

ನಮ್ಮ ಶಾಲೆ, ಸಹಕಾರಿ ಸಂಘ, ಪಂಚಾಯಿತಿ ಕಚೇರಿಗಳಲ್ಲೂ ಇಂದು ಮುಕ್ತ ತಂತ್ರಾಂಶ ಒಂದಲ್ಲ ಒಂದು ರೂಪದಲ್ಲಿ ಹೊಕ್ಕಿದೆ. ಬೆಲೆಯಿಲ್ಲದ್ದೆಂದು ತಂದು ಹಾಕಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳುವ ಅಭ್ಯಾಸ ಬೆಳೆಯಬೇಕು. ಈ ಆವೃತ್ತಿಗೆ ಎಂದಿನವರೆಗೆ ತೇಪೆ ಸಿಗುತ್ತದೆ? ಇದು ನಿಂತಿರುವ ಭಾಷೆ, ಚೌಕಟ್ಟುಗಳ ಆಯುಷ್ಯವೆಷ್ಟು? ನೋಡಿಕೊಳ್ಳುವವರು ಎಷ್ಟು ಜನ, ಅವರ ಹೊಟ್ಟೆಪಾಡು ಹೇಗೆ? ಮೊದಲೆರಡಕ್ಕೆ ಉತ್ತರವನ್ನು ಆಯಾ ತಂತ್ರಾಂಶದವರೇ ಸಾಮಾನ್ಯವಾಗಿ ಪ್ರಕಟಿಸಿರುತ್ತಾರೆ. ಮೂರನೆಯದನ್ನು ನಾವೇ ವಿಚಾರಿಸಿ ತಿಳಿಯಬೇಕು. ಉಳಿದೆರಡು ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಅದನ್ನೇ ಅವಲಂಬಿಸಿದೆ.